ಎದುರಾಳಿಗೆ ಬಿದ್ದ ಓಟನ್ನು ನಾನೇ ಹೊತ್ತು ಹೋದೆ

ಹೋದ ಸಲದ ನಗರಸಭೆ ಚುನಾವಣೆಯ ನವೆಂಬರ್ ಅದು. ನಮ್ಮದು ಅಮೆರಿಕಾದ ಡಬ್ಲಿನ್ ಪಕ್ಕದ ಸಣ್ಣ ಊರು. ಮೈಸೂರಿನವಳಾದ ನನ್ನ ಗೆಳತಿ ಸುಮಾ, ಮಕ್ಕಳ ಡಾಕ್ಟರು, ಮೊದಲ ಬಾರಿಗೆ ಚುನಾವಣೆಗೆ ನಿಂತಿದ್ದಳು. ಊರಾಚೆಯ ಬಯಲಿನಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳು ಬಂದರೆ ರಸ್ತೆಯಲ್ಲಿ ಕಾಲಿಡಲಾಗದು, ಶಾಲೆಗಳಲ್ಲಿ ಜಾಗ ಸಾಲದು ಎಂಬುದು ಅವಳ ವಾದ. ಎದುರಾಳಿ ಊರಿನ ಹಳಬರು, ಮನೆ ಕಟ್ಟಲಿ ಎನ್ನುವವರು. ನಾನೋ ರಾಜಕೀಯವೆಂದರೆ ಮಾರುದೂರ ಓಡುವವಳು. ಆದರೆ ಗೆಳತಿಯೇ ನಿಂತಾಗ ಸುಮ್ಮನಿರುವುದು ಹೇಗೆ?

ನಮ್ಮ ತಂಡವನ್ನು ನಡೆಸಿದವರು ಮಾರ್ಗರೆಟ್, ಇಂಗ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ ನಿವೃತ್ತ ಶಿಕ್ಷಕಿ. ಅವರ ಹುಟ್ಟೂರಿನ ಪಾರ್ಲಿಮೆಂಟ್ ಕ್ಷೇತ್ರ ಒಂದೊಂದು ಸಲ ಒಂದೊಂದು ಪಕ್ಷಕ್ಕೆ ಒಲಿಯುವಂಥದ್ದು. ಅಲ್ಲಿ ಒಂದು ಬೀದಿಯವರು ಮುನಿಸಿಕೊಂಡರೂ ಎಂಪಿಯೇ ಬದಲಾಗುತ್ತಿದ್ದರಂತೆ. ಅಲ್ಲಿ ಕಲಿತ ವಿದ್ಯೆಯನ್ನೇ ನಮಗೂ ಹೇಳಿಕೊಟ್ಟರು. ಪ್ರತಿ ಮನೆಯ ಬಾಗಿಲು ತಟ್ಟಿ, ಮಾತಾಡಿಸಿ, ನಮ್ಮವರೋ, ಆ ಕಡೆಯವರೋ, ಇನ್ನೂ ಮನಸ್ಸು ಮಾಡದವರೋ ಎಂದು ಗುರುತು ಹಾಕಬೇಕು. ನಾನು ಮಹಾ ಜಾಣೆ! ಬಾಗಿಲಿಗೆ ತೋರಣ, ಹೊಸಿಲಿಗೆ ರಂಗೋಲಿ ಕಂಡರೆ ತಟ್ಟದೆಯೇ "ನಮ್ಮವರು" ಎಂದು ಬರೆದುಕೊಂಡು ಮುಂದೆ ನಡೆಯುತ್ತಿದ್ದೆ. ನಮ್ಮವರು ನಮಗಲ್ಲದೆ ಇನ್ಯಾರಿಗೆ ಹಾಕುತ್ತಾರೆ?

ಎಣಿಕೆ ಶುರುವಾದ ಮೇಲೆ ಒಂದು ದಿನ ಸುಮಾ ಮುಂದೆ, ಮರುದಿನ ಎದುರಾಳಿ ಮುಂದೆ. ಇಲ್ಲಿ ಹೆಚ್ಚಿನವರು ಅಂಚೆಯಲ್ಲೇ ಓಟು ಕಳಿಸುತ್ತಾರೆ. ಲಕೋಟೆಯ ಮೇಲಿನ ಸಹಿ ದಾಖಲೆಯಲ್ಲಿರುವ ಸಹಿಗೆ ಹೊಂದದಿದ್ದರೆ ಆ ಓಟನ್ನು ಪಕ್ಕಕ್ಕೆ ಇಡುತ್ತಾರೆ. ಗಡುವಿನೊಳಗೆ ಮತ್ತೊಮ್ಮೆ ಸರಿಯಾಗಿ ಸಹಿ ಮಾಡಿ ಕೊಡದಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಅಂಥವರ ಪಟ್ಟಿ ಚುನಾವಣಾ ಕಚೇರಿಯಿಂದ ಎರಡೂ ಕಡೆಯವರಿಗೆ ಸಿಗುತ್ತದೆ. ಗಡುವಿನ ದಿನ ಮಾರ್ಗರೆಟ್ ಅದರಿಂದ ನನಗೆ ಒಂದು ಹೆಸರು ಕೊಟ್ಟರು: ಗಿರಿಜವ್ವ. ನಾನು ತಟ್ಟದೆಯೇ ಗುರುತು ಹಾಕಿದ್ದ ಮನೆ. ನಮ್ಮ ಓಟು ಉಳಿಸುತ್ತೇನೆಂಬ ಹುರುಪಿನಲ್ಲಿ ಊಟವನ್ನೂ ಬಿಟ್ಟು ಹೊರಟೆ.

ಬಾಗಿಲು ತೆಗೆದದ್ದು ಹೈಸ್ಕೂಲಿನ ಮೊಮ್ಮಗಳು. ಒಳಗೆ ಸೋಫಾದ ಮೇಲೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಅಜ್ಜಿ ಕೂತಿದ್ದರು.

"ಯಾರವಾ? ಒಳಗ ಬಾ, ಕೂಡು," ಎಂದರು.

ವಿಷಯ ಹೇಳಿ, "ಅಜ್ಜಿ, ಕವರ್ ಮೇಲೆ ನೀವೇ ತಾನೇ ಸೈನ್ ಮಾಡಿದ್ದು?" ಎಂದು ಕೇಳಿದೆ.

"ಮತ್ಯಾರ ಮಾಡ್ತಾರ? ಸಿಟಿಜನ್ ಆದಮ್ಯಾಲೆ ಇದ ಮೊದಲನೇ ಓಟು. ಅಮೆರಿಕಾದ ಓಟಿಗೆ ಕನ್ನಡ ಸಹಿ ಚಂದ ಕಾಣಂಗಿಲ್ಲ ಅಂತ ಇಂಗ್ಲಿಷಿನ್ಯಾಗ ಮಾಡೀನಿ."

"ಅಜ್ಜಿ ಪ್ರಾಕ್ಟೀಸ್ಡ್ ಇಟ್ ಸೋ ಮಚ್, ಆಂಟಿ," ಎಂದು ಮೊಮ್ಮಗಳು ನಕ್ಕಳು.

ಮತದಾರರ ದಾಖಲೆಗೆ ಮಾತ್ರ ಅವರು ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಮಾಡುತ್ತಿದ್ದಂತೆ ಕನ್ನಡದಲ್ಲೇ ಸಹಿ ಮಾಡಿದ್ದರು. ಎಡವಟ್ಟಾದದ್ದು ಅಲ್ಲಿಯೇ. ಹೇಳಿದಾಗ ಅಜ್ಜಿಯ ಮುಖ ಸಪ್ಪಗಾಯಿತು. "ಅಷ್ಟ ಕಷ್ಟಪಟ್ಟು ಬರದದ್ದ ತಪ್ಪಾತೇನು? ನನ್ನ ಓಟು ತಿಪ್ಪಿಗೆ ಹೋತೇನು?" ಎಂದವರ ಕಣ್ಣು ತುಂಬಿಬಂತು.

"ಇಲ್ಲ ಅಜ್ಜಿ, ಇವತ್ತು ಕೊಟ್ರೆ ಎಣಿಸ್ತಾರೆ. ಕನ್ನಡದಲ್ಲೇ ಹಾಕಿ," ಎಂದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, ನಾನು ಒಯ್ದಿದ್ದ ಅರ್ಜಿ ಕಾಗದದ ಮೇಲೆ ದುಂಡಗೆ ಸಹಿ ಮಾಡಿದರು. ನಾನು ಕಾಗದ ಮಡಚಿ ಲಕೋಟೆಗೆ ಹಾಕುವಾಗ ಕೈ ಹಿಡಿದರು.

"ತಂಗಿ, ನೀ ಆ ಡಾಕ್ಟರ್‌ಬಾಯಿ ಕಡೆಯಾಕಿ ಅಲ್ಲೇನು? ನಾ ಆಕಿಗೆ ಹಾಕಿಲ್ಲ ನೋಡವಾ."

"ಯಾಕಜ್ಜಿ?" ಎಂದೆ.

"ನನಗ ಮೊಣಕಾಲಿನ ಕಸರತ್ತು ಮಾಡ್ಸೋ ಹುಡುಗಿ ದೂರದ ಟ್ರೇಸಿ ಊರಿಂದ ನಸುಕಿನ್ಯಾಗ ಹೊಂಟು ಬರ್ತಾಳ. ಕೂಸು ಏಳೂಕಿಂತ ಮೊದಲ ಮನಿ ಬಿಡ್ತಾಳ, ಅದು ಮಲಗಿದಮ್ಯಾಲೆ ಮನಿ ಮುಟ್ಟತಾಳ. ಇಲ್ಲೇ ಮನಿ ಕಟ್ಟಿದ್ರ ಆಕಿನೂ ಇಲ್ಲೇ ಇರಬಹುದಲ್ಲ? ಅದಕ್ಕ ಮನಿ ಕಟ್ಟಲಿ ಅನ್ನೋರಿಗೆ ಹಾಕೀನಿ. ಮುಚ್ಚಿಟ್ಟು ನಿನ್ನ ಕೈಲೆ ಕೆಲಸ ಮಾಡಿಸ್ಕೊಳ್ಳೂದು ನನಗ ಸೇರಂಗಿಲ್ಲ. ಒಯ್ತಿಯೋ, ಇಲ್ಲೇ ಇಟ್ಟು ಹೋಗ್ತಿಯೋ, ನೀನ ಹೇಳು."

ಅಜ್ಜಿಯ ಮಗಳು, ಅಳಿಯ ಇಬ್ಬರೂ ಸಾಂಟಾ ಕ್ಲಾರಾದ ಆಫೀಸಿನಲ್ಲಿದ್ದರು. ಅವರು ಬರುವಷ್ಟರಲ್ಲಿ ಚುನಾವಣಾ ಕಚೇರಿ ಮುಚ್ಚಿರುತ್ತಿತ್ತು. "ತಗೊಂಡು ಹೋಗ್ತೀನಿ ಅಜ್ಜಿ," ಎಂದುಬಿಟ್ಟೆ. ಹೇಳುವಾಗ ಪೂರ್ತಿ ಮನಸ್ಸಿತ್ತು ಎಂದರೆ ಸುಳ್ಳಾದೀತು.

ಕಾರಿನಲ್ಲಿ ಕೂತ ಮೇಲೆ ಅಜ್ಜಿಯ ಮೇಲೆ ವಿಪರೀತ ಸಿಟ್ಟು ಬಂತು. ಈ ಮುದುಕಿ ಬಾಯಿ ಮುಚ್ಚಿಕೊಂಡಿದ್ದರೆ ನಾನು ಹಾಡು ಕೇಳುತ್ತಾ ಹೋಗಿ ಕೊಟ್ಟು ಬರುತ್ತಿದ್ದೆ! ಫ್ರೀವೇ ಬೇರೆ ನಿಂತೇಬಿಟ್ಟಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಸುಮಾಳಿಗೆ ಒಂದೊಂದು ಓಟೂ ಬೇಕಾಗಿದ್ದ ಹೊತ್ತು ಅದು. ಆದರೆ "ತಿಪ್ಪಿಗೆ ಹೋತೇನು" ಎಂದ ಆ ದನಿ ಕಿವಿ ಬಿಟ್ಟು ಹೋಗಲೊಲ್ಲದು. ಆಕೆ ಮನಸ್ಸು ಮಾಡಿದ್ದರೆ ನನ್ನನ್ನು ಸುಲಭವಾಗಿ ಏಮಾರಿಸಬಹುದಿತ್ತು. ಏಮಾರಿಸಲಿಲ್ಲ. ಅಂಥವರಿಗೆ ನಾನು ಮೋಸ ಮಾಡುವುದೇ? ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಗಲ್ಲಿಗಲ್ಲಿ ಸುತ್ತಿ, ಕಚೇರಿ ಮುಚ್ಚುವ ಹೊತ್ತಿಗೆ ಏದುಸಿರು ಬಿಡುತ್ತಾ ಕೌಂಟರಿಗೆ ಹೋಗಿ ಕೊಟ್ಟೆ.

ಸುಮಾ ಸೋತಳು. ಅಂತರ ಎಷ್ಟು ಕಡಿಮೆಯೆಂದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ದಿನ ಅವಳ ಅಡುಗೆಮನೆಯಲ್ಲಿ ನಿಂತು ಅಜ್ಜಿಯ ವಿಷಯ ಹೇಳಿದೆ. ಅವಳು ಕಾಫಿ ಸೋಸುವುದನ್ನು ನಿಲ್ಲಿಸಿದಳು.

"ನಂಗೆ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು ಕಣೆ," ಎಂದಳು. ಮತ್ತೆ ಸೋಸತೊಡಗಿ, "ಆ ಹುಡುಗಿ ಕೂಸಿಗೆ ಎಷ್ಟು ವರ್ಷವಂತೆ?" ಎಂದು ಕೇಳಿದಳು. ಮಕ್ಕಳ ಡಾಕ್ಟರಲ್ಲವೇ. ನನಗೆ ಗೊತ್ತಿರಲಿಲ್ಲ.

ಮುಂದಿನ ವಾರ ಅಜ್ಜಿಯ ಫೋನು ಬಂತು. ಓಟು ಎಣಿಸಿದ್ದೇವೆಂದು ಚುನಾವಣಾ ಕಚೇರಿಯಿಂದ ಮೊಮ್ಮಗಳ ಫೋನಿಗೆ ಮೆಸೇಜು ಬಂದಿತ್ತಂತೆ.

"ಎಣಿಸ್ಯಾರಂತವಾ ನನ್ನ ಓಟು! ನಿಮ್ಮಾಕಿ ಸೋತದ್ದು ಕೇಳಿ ನಿನ್ನ ನೆನಸಿ ಕೆಟ್ಟ ಅನಿಸ್ತು. ನನ್ನ ಓಟು ಎಣಿಸಿದ್ದು ಕೇಳಿ ಭಾಳ ಖುಷಿ ಆತು. ಎರಡೂ ಖರೇನ."

ಫೋನು ಹಿಡಿದುಕೊಂಡು ಗ್ರೋಸರಿ ಅಂಗಡಿಯ ಮುಂದೆಯೇ ಅತ್ತುಬಿಟ್ಟೆ. ಗೆಳತಿ ಸೋತ ಬೇಸರ ಇವತ್ತಿಗೂ ಇದೆ. ಆ ಲಕೋಟೆಯನ್ನು ತಲುಪಿಸಿದ್ದಕ್ಕೆ ಮಾತ್ರ ಒಂದು ದಿನವೂ ಬೇಸರವಾಗಿಲ್ಲ.