ದಾರಿಹೋಕ ಬಿಟ್ಟುಹೋದ ಗಂಟು

ಜಯಲಕ್ಷ್ಮಿಯ ಗಂಡ ಪಂಢರಿನಾಥ ಏನಾದ ಎನ್ನುವುದು ತ್ರಿಪ್ಲಿಕೇನ್‌ನ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಅರ್ಧ ಬೀದಿ ಅವನು ಸತ್ತ ಎನ್ನುತ್ತಿತ್ತು, ಇನ್ನರ್ಧ ಬೀದಿ ಕಡಲಾಚೆ ಪೆನಾಂಗಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎನ್ನುತ್ತಿತ್ತು. ಎರಡು ಕಡೆಯವರೂ ಕಣ್ಣಾರೆ ಕಂಡವರ ಹಾಗೆ ಮಾತಾಡುತ್ತಿದ್ದರು. ಊರವರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ?

ಅವನು ಹೋದದ್ದು ಐವತ್ಮೂರನೇ ಇಸವಿಯಲ್ಲಿ. ಪ್ಯಾರೀಸ್ ಕಾರ್ನರಿನಲ್ಲಿ ಹಡಗಿನ ಏಜೆಂಟರೊಬ್ಬರ ಕಚೇರಿಯ ಗುಮಾಸ್ತ. ಒಂದು ಬೆಳಿಗ್ಗೆ ಸಾರು ಅನ್ನ ಉಂಡು, ಮಜ್ಜಿಗೆಗೆ ಉಪ್ಪು ಕಮ್ಮಿಯೆಂದು ಗೊಣಗಿ, ಛತ್ರಿ ಹಿಡಿದು ಹೊರಟವನು ಸಂಜೆ ಮನೆಗೆ ಬರಲಿಲ್ಲ. ಕಚೇರಿಗೂ ಹೋಗಿರಲಿಲ್ಲ. ರಾಯಪುರಂ ಕಡಲ ದಂಡೆಯಲ್ಲಿ ದೋಣಿಯವರ ಜೊತೆ ಮಾತಾಡುತ್ತ ನಿಂತಿದ್ದನ್ನು ಕಂಡೆ ಎಂದು ಯಾರೋ ಹೇಳಿದರು. ಅಷ್ಟೇ. ಮನೆಯಲ್ಲಿ ಜಗಳವಾಗಿರಲಿಲ್ಲ, ಯಾರಿಗೂ ಅವನ ಮೇಲೆ ಹಗೆಯಿರಲಿಲ್ಲ. ಆ ಮಹಾರಾಯ ಒಂದು ಮಾತು ಹೇಳಿ ಹೋಗಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇಪ್ಪತ್ತು ತುಂಬಿದ ಹುಡುಗಿಯನ್ನು ನಡುನೀರಿನಲ್ಲಿ ಕೈಬಿಟ್ಟು ಹೋದ.

ಆ ವರ್ಷದ ಕಾರ್ತಿಕದಲ್ಲಿ ಅವಳ ಅತ್ತೆ ಗೋದಾಬಾಯಿ ಎಂದಿನಂತೆ ಕಥೆಗೆ ಕೂತರು. ಆ ಮನೆಯ ಪದ್ಧತಿ ಅದು. ಕಾರ್ತಿಕ ಮಾಸವಿಡೀ ಮಧ್ಯಾಹ್ನದ ಊಟವಾದ ಮೇಲೆ ಮನೆಯ ಹಿರಿಯಳು ತುಳಸಿಯ ಮುಂದೆ ಕೂತು ದಿನಕ್ಕೊಂದು ಕಥೆ ಹೇಳಬೇಕು. ಕೇಳುವವರು ಮುಷ್ಟಿಯಲ್ಲಿ ಅಕ್ಷತೆ ಹಿಡಿದಿರಬೇಕು. ಕಥೆ ಮುಗಿದಾಗ ನಾಲ್ಕು ಕಾಳು ತುಳಸಿಗೆ, ಉಳಿದದ್ದು ತಲೆಗೆ. ತಲೆಗೆ ಹಾಕಿಕೊಳ್ಳುವ ಅಕ್ಷತೆಯಾದ್ದರಿಂದ ಕಥೆ ಮಂಗಳದಲ್ಲೇ ಮುಗಿಯಬೇಕು. ಅಶುಭ ಕೇಳಿದ ಅಕ್ಷತೆಯನ್ನು ಮುತ್ತೈದೆಯರು ತಲೆಗೆ ಮುಟ್ಟಿಸುವ ಹಾಗಿಲ್ಲ.

ಗೋದಾಬಾಯಿ ಆ ಸಲ ಹೇಳಿದ್ದು ದಾರಿಹೋಕನ ಕಥೆ. ಒಬ್ಬ ಹೆಂಗಸು ತೀರ್ಥಯಾತ್ರೆಗೆ ಹೊರಟು, ಕವಲುದಾರಿಯ ಛತ್ರದಲ್ಲಿ ದಣಿವಾರಿಸಿಕೊಳ್ಳಲು ಕೂರುತ್ತಾಳೆ. ದಾರಿಹೋಕನೊಬ್ಬ ಬಂದು, ಮಾತೇ ಆಡದೆ ಅವಳ ಮಡಿಲಲ್ಲಿ ಒಂದು ಗಂಟು ಇಟ್ಟು, ಒಂದು ಕವಲು ಹಿಡಿದು ಹೋಗಿಬಿಡುತ್ತಾನೆ. ಅವಳು ಆ ಗಂಟನ್ನು ಕಾಯುತ್ತ ಕೂರುತ್ತಾಳೆ. ಜೊತೆಯ ಯಾತ್ರಿಕರು ಕರೆದರೆ ಹೋಗುವುದಿಲ್ಲ. ಎಷ್ಟೋ ಮಳೆ, ಎಷ್ಟೋ ಬಿಸಿಲು. ಕೊನೆಗೊಂದು ದಿನ ದಾರಿಹೋಕ ಮರಳಿ ಬರುತ್ತಾನೆ, ನೋಡಿದರೆ ಅವನು ಸಾಕ್ಷಾತ್ ಶ್ರೀಹರಿ. ಗಂಟು ಬಿಚ್ಚಿದರೆ ಅವಳು ಹೋಗದೆ ಬಿಟ್ಟ ಯಾತ್ರೆಯ ಪುಣ್ಯವೆಲ್ಲ ಅದರೊಳಗೇ ಇರುತ್ತದೆ.

ಜಯಲಕ್ಷ್ಮಿ ಬಿಕ್ಕಿ ಬಿಕ್ಕಿ ಅತ್ತಳು, ಅಕ್ಷತೆಯನ್ನು ತಲೆಗೆ ಹಾಕಿಕೊಂಡಳು. ಅಂದಿನಿಂದ ಅವಳ ಬದುಕಿಗೊಂದು ಅರ್ಥ ಬಂತು. ತಾನು ಗಂಡ ಬಿಟ್ಟವಳಲ್ಲ, ಗಂಟು ಕಾಯುವವಳು. ಪ್ರತಿ ಕಾರ್ತಿಕದಲ್ಲೂ ಅದೇ ಕಥೆ ಬೇಕೆಂದು ಅತ್ತೆಯನ್ನು ಕಾಡಿ ಹೇಳಿಸುವಳು. ಬೇರೆ ಕಥೆ ಅವಳ ಕಿವಿಗೇ ಹತ್ತುತ್ತಿರಲಿಲ್ಲ.

ಅವಳ ಅಣ್ಣ ತಿರುಮಲ ಸರ್ಕಾರಿ ಕಚೇರಿಯಲ್ಲಿದ್ದವನು. ಎರಡು ವರ್ಷ ಕಳೆದ ಮೇಲೆ ಅವರಿವರ ಕೈಕಾಲು ಹಿಡಿದು ತಂಗಿಗೆ ಟೀಚರ್ ಟ್ರೈನಿಂಗ್‌ನಲ್ಲಿ ಒಂದು ಸೀಟು ಗೊತ್ತುಮಾಡಿಕೊಂಡು ಬಂದ. ಅವಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಲೆಕ್ಕದಲ್ಲಿ ಚುರುಕು.

"ಬೇಡ ಅಣ್ಣ. ಇವರು ಬಂದಾಗ ನಾನು ಮನೇಲಿ ಇರ್ಬೇಕಲ್ವಾ?"

"ಬಂದ್ರೆ ಬಾಗಿಲು ತೆಗೆಯೋದಕ್ಕೆ ನಿಮ್ಮತ್ತೆ ಇದಾರಲ್ಲೇ. ಹೀಗೆ ಚುಮ್ಮಾ ಕೂತು ಏನ್ ಮಾಡ್ತೀ?"

"ಚುಮ್ಮಾ ಕೂತಿಲ್ಲ ಅಣ್ಣ, ಕಾಯ್ತಾ ಇದೀನಿ."

ತಿರುಮಲ ಹಣೆ ಹಣೆ ಚಚ್ಚಿಕೊಂಡು ಹೋದ. ಸೀಟು ಬೇರೆ ಯಾರಿಗೋ ಸಿಕ್ಕಿತು. ಒಳಗೆ ಕೂತಿದ್ದ ಗೋದಾಬಾಯಿ ಎಲ್ಲ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ರಾತ್ರಿ ಸೊಸೆಗೆ ಒಂದು ಚಮಚ ತುಪ್ಪ ಜಾಸ್ತಿ ಬಡಿಸಿದರು.

ಹೀಗೆ ವರ್ಷಗಳು ಉರುಳಿದವು. ಜಯಲಕ್ಷ್ಮಿ ದಿನಾ ಹಣೆಗೆ ಕುಂಕುಮವಿಟ್ಟು, ಬಾಗಿಲಿಗೆ ರಂಗೋಲಿ ಹಾಕಿ, ಸಂಜೆ ಬಸ್ಸು ಇಳಿದು ಬರುವವರ ಮುಖ ನೋಡುತ್ತಿದ್ದಳು. ಅತ್ತೆಗೆ ಮೊದಲು ಕಣ್ಣು ಮಂಜಾಯಿತು, ಆಮೇಲೆ ನೆನಪು. ಮನೆಯವರ ಹೆಸರುಗಳೇ ಅದಲು ಬದಲಾದವು. ಮನೆಯ ಯಜಮಾನಿಕೆ ಪಂಢರಿನಾಥನ ಅಣ್ಣ ಹರಿದಾಸನದು, ಒರಟನಲ್ಲ, ಆದರೆ ಮಗಳು ಬೇಬಿಯ ಮದುವೆಯ ಚಿಂತೆ ಅವನನ್ನು ತಿನ್ನುತ್ತಿತ್ತು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕೇಳುವುದು ಒಂದೇ ಪ್ರಶ್ನೆ: "ಹುಡುಗಿಯ ಚಿಕ್ಕಪ್ಪ ಇದಾರೋ, ಇಲ್ಲವೋ?"

ಹನ್ನೆರಡು ವರ್ಷ ಸುದ್ದಿಯಿಲ್ಲದೆ ಹೋದವನಿಗೆ ದರ್ಭೆಯ ಗೊಂಬೆ ಮಾಡಿ, ಅದನ್ನೇ ಸುಟ್ಟು, ಕರ್ಮ ಮುಗಿಸಬಹುದೆಂದು ಶಾಸ್ತ್ರವಿದೆ. ಅರವತ್ತೈದರಲ್ಲಿ ಹನ್ನೆರಡು ತುಂಬಿತು. ಹರಿದಾಸ ತಲೆ ತಗ್ಗಿಸಿಕೊಂಡೇ ಕೇಳಿದ, "ಜಯಾ, ಮಾಡಿಬಿಡೋಣವೇನಮ್ಮಾ? ನೀನು ಹ್ಞೂಂ ಅಂದ್ರೆ ಮಾತ್ರ."

"ನನ್ನ ಕೈಯಾರೆ ಅವರನ್ನ ಸಾಯಿಸು ಅಂತೀರಾ ಭಾವಾ?" ಎಂದಳು ಅವಳು. ಅವನು ಎದ್ದುಹೋದ.

ಅದರ ಮುಂದಿನ ತಿಂಗಳೇ ಕಾರ್ತಿಕ. ಬೇಬಿ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿ, "ಪಾಟ್ಟಿ, ಕತೆ ಸೊಲ್ಲು" ಎಂದಳು. ಆ ಹುಡುಗಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು. ಜಯಲಕ್ಷ್ಮಿ ಅಕ್ಷತೆ ಹಿಡಿದು ಎದುರಿಗೆ ಕೂತಳು. ಆ ಸಲ ಆ ಕಥೆ ಅವಳಿಗೆ ಎಂದಿಗಿಂತ ಹೆಚ್ಚು ಬೇಕಾಗಿತ್ತು.

ಗೋದಾಬಾಯಿಗೆ ನಿನ್ನೆ ಉಂಡದ್ದು ನೆನಪಿಲ್ಲದಿದ್ದರೂ ಕಥೆ ತಡವರಿಸದೆ ಬಂತು. ಛತ್ರ ಬಂತು, ಗಂಟು ಬಂತು, ಯಾತ್ರಿಕರು ಕರೆದರು, ಅವಳು ಹೋಗಲಿಲ್ಲ.

"ಅವಳ ತಲೆ ನೆರೀತು, ಸೊಂಟ ಬಗ್ತು. ಒಂದಿನ ಹಸಿವು ತಾಳಲಾರದೆ ತಾನೇ ಗಂಟು ಬಿಚ್ಚಿದಳು. ಒಳಗೆ ಬುತ್ತಿ. ಅವಲಕ್ಕಿ, ಬೆಲ್ಲ. ಅವಳ ದಾರಿಗೇಂತ ಅವನು ಕೊಟ್ಟುಹೋಗಿದ್ದು. ಎಲ್ಲಾ ಹುಳ ಹಿಡಿದಿತ್ತು. ತಿನ್ನೋ ಹಾಗಿಲ್ಲ, ನಡೆಯೋಣ ಅಂದ್ರೆ ಕಾಲಲ್ಲಿ ಬಲ ಇಲ್ಲ. ಕಥೆ ಆಯ್ತು."

ತಲೆಗೆ ಎತ್ತಿದ್ದ ಅಕ್ಷತೆಯ ಮುಷ್ಟಿಯನ್ನು ಜಯಲಕ್ಷ್ಮಿ ಕೆಳಗಿಳಿಸಿದಳು. "ಕೊನೆಗೆ ಅವನು ಬರ್ತಾನಲ್ಲ ಅತ್ತೆ?"

"ಎಲ್ಲಿ ಬರ್ತಾನೆ? ನಮ್ಮತ್ತೆ ನನಗೆ ಅಡುಗೆಮನೇಲಿ ಹೇಳಿದ್ದು ಹೀಗೇನೇ. ಬರ್ತಾನೆ ಅಂತ ಸೇರಿಸಿದ್ದು ನಾನು. ನನ್ನ ಸೊಸೆ ಇದಾಳಲ್ಲ, ಚಿಕ್ಕವಳು, ಪಾವಂ. ಅಕ್ಷತೆ ಹಿಡ್ಕೊಂಡು ನನ್ನ ಮುಖಾನೇ ನೋಡ್ತಾ ಕೂತಿರ್ತಾಳೆ. ಅವಳಿಗೆ ಇದನ್ನ ಹೇಗಮ್ಮಾ ಹೇಳೋದು?" ಮುದುಕಿ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ನೀನೂ ಅವಳಿಗೆ ಹೇಳ್ಬೇಡ, ತಿಳೀತಾ?"

ಆ ಸಂಜೆ ಜಯಲಕ್ಷ್ಮಿ ಬಾಗಿಲಿಗೆ ಬರಲಿಲ್ಲ. ಹಿತ್ತಲಿನ ನಲ್ಲಿಯ ಹತ್ತಿರ ಕೂತು, ಪಾತ್ರೆಗಳನ್ನು ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ಅತ್ತೆಯ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಂಡ ಬಿಟ್ಟುಹೋದಾಗಲೂ ಅಂಥ ಸಿಟ್ಟು ಬಂದಿರಲಿಲ್ಲ. ಸೀಟು ಬೇಡ ಅಂದ ದಿನ ಒಳಗೇ ಕೂತಿದ್ದರಲ್ಲ, ಎದ್ದು ಬಂದು ಒಂದು ಮಾತು ಹೇಳಬಾರದಿತ್ತೇ? ಬೆಳಿಗ್ಗೆ ಹರಿದಾಸನ ಮುಂದೆ ನಿಂತು, "ಮಾಡಿಬಿಡಿ ಭಾವಾ" ಎಂದಳು.

ಕರ್ಮ ಮುಗಿಯಿತು. ದರ್ಭೆಯ ಗೊಂಬೆ ಉರಿಯುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಬಳೆ ಹೋಯಿತು, ಕುಂಕುಮ ಹೋಯಿತು. ಅಂದು ಅವಳು ಅಳಲಿಲ್ಲ. ಅಳುವುದನ್ನೆಲ್ಲ ಸುಳ್ಳು ಭರವಸೆಗೆ ಖರ್ಚು ಮಾಡಿ ಆಗಿತ್ತು. ಸೂತಕ ಕಳೆದ ಮೇಲೆ ತಿರುಮಲನ ಜೊತೆ ಟ್ರೈನಿಂಗ್ ಸ್ಕೂಲಿಗೆ ಹೋಗಿ ಕೇಳಿದಳು. ಅಲ್ಲಿದ್ದ ಹೆಂಗಸು ಮರ್ಯಾದೆಯಿಂದಲೇ, ವಯಸ್ಸು ಮೀರಿತಮ್ಮಾ, ಮೊದಲೇ ಬರಬೇಕಿತ್ತು ಎಂದಳು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ತಿರುಮಲ ಏನಾದರೂ ಬೇರೆ ನೋಡೋಣ ಎಂದ. ಏನು ಬೇರೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಗೆ ಬಂದಾಗ ಅತ್ತೆಗೆ ಊಟ ಮಾಡಿಸುವ ಹೊತ್ತು. ತಟ್ಟೆ ಹಿಡಿದು ಎದುರಿಗೆ ಕೂತವಳನ್ನು ಗೋದಾಬಾಯಿ ಕಣ್ಣು ಕಿರಿದು ಮಾಡಿ ನೋಡಿದರು. ಬೋಳು ಹಣೆ ನೋಡಿದರು, ಬರಿಗೈ ಮುಟ್ಟಿ ನೋಡಿದರು.

"ಯಾರಮ್ಮಾ ನೀನು? ಇಷ್ಟು ಚಿಕ್ಕ ವಯಸ್ಸಿಗೇ ಹೀಗಾಯ್ತೇ?"

"ಆಯ್ತು ಅಮ್ಮಾ."

ಮುದುಕಿಯ ಕಣ್ಣಲ್ಲಿ ನೀರು ತುಂಬಿತು. ಪರರ ಮಗಳಿಗಾಗಿ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ನನ್ನ ಮಗ ಪಂಢರಿ, ಬೆಳಿಗ್ಗೆ ಕಚೇರಿಗೆ ಹೋದವನು ಇನ್ನೂ ಬಂದಿಲ್ಲ. ಬರ್ತಾನೆ, ಅಲ್ವಾ?"

ಜಯಲಕ್ಷ್ಮಿಗೆ ಹನ್ನೆರಡು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಬಂತು. ಇಲ್ಲ, ಬರೋದಿಲ್ಲ, ಅವನನ್ನ ನಾವೇ ಸುಟ್ಟು ಬಂದೆವು ಎನ್ನಲು ಬಾಯಿ ತೆರೆದಳು. ಮುದುಕಿ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಹಾಗೆ ನೋಡುವವರಿಗೆ ಅದನ್ನು ಹೇಳಲು ಆಗುವುದಿಲ್ಲವೆಂದು ಅವಳಿಗೆ ಆಗ ತಿಳಿಯಿತು.

"ಬರ್ತಾರೆ," ಎಂದಳು. "ನೀವು ಬಾಯಿ ತೆಗೀರಿ."