ಬೆಣೆ ಕಿತ್ತವಳು

ತಗಡಿನ ಮುಚ್ಚಳ ಒತ್ತುವ ಶೆಡ್ಡಿನಲ್ಲಿ ಅವಳ ಹೆಸರು ಒಂದೂವರೆ. ಎಡಗೈಯ ನಾಲ್ಕು ಬೆರಳನ್ನು ಪ್ರೆಸ್ಸು ನುಂಗಿತ್ತು. ಹೆಬ್ಬೆರಳೊಂದು ಗೂಟದ ಹಾಗೆ ಉಳಿದಿತ್ತು. ಅಂದಿನಿಂದ ಅಂಗವಿಕಲರ ಪಿಂಚಣಿ ತಂದು ಅತ್ತಿಗೆಯ ಕೈಗೆ ಕೊಟ್ಟು, ಅಣ್ಣನ ಮನೆಯ ಮೂಲೆಯಲ್ಲಿ ಬಿದ್ದಿದ್ದಳು. ಕೊನೆಗೆ ಪಿಂಚಣಿ ಕಚೇರಿಯವರೇ ಹೇಳಿದರು: ಕೆಲಸಕ್ಕೆ ಹೋಗಿ ನೋಡಮ್ಮ, ಒಂದು ವರ್ಷ ಪಿಂಚಣಿ ನಿಲ್ಲಿಸುವುದಿಲ್ಲ, ಆಗದಿದ್ದರೆ ಬಿಟ್ಟುಬಿಡು.

"ಕೂತು ತಿನ್ನೋ ಅನ್ನಕ್ಕೆ ಕಲ್ಲು ಹಾಕ್ಕೋತಾಳೆ ನೋಡಿ," ಎಂದಳು ಅತ್ತಿಗೆ. ಅಣ್ಣ ಅದೇ ಶೆಡ್ಡಿನ ಮೇಸ್ತ್ರಿ. ಅವನು ತಟ್ಟೆ ಎತ್ತಿ ಬೀಸಿದ. ಅದರ ಅಂಚು ಅವಳ ಹುಬ್ಬು ಸೀಳಿತು. ಬೆಳಿಗ್ಗೆ ಹುಬ್ಬಿಗೆ ಬಟ್ಟೆ ಕಟ್ಟಿಕೊಂಡೇ ಅವಳು ಶೆಡ್ಡಿಗೆ ಹೋದಳು.

ಪ್ರೆಸ್ಸಿಗೆ ಎರಡು ಗುಂಡಿ, ದೂರ ದೂರ. ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಮೇಲಿನ ಅಚ್ಚು ಇಳಿಯುತ್ತದೆ. ಆಗ ಅಚ್ಚಿನಡಿ ಕೈ ಇರುವ ಮಾತೇ ಇಲ್ಲ. ಆದರೆ ಕೆಲಸ ಓಡಲೆಂದು ಒಂದು ಗುಂಡಿಯನ್ನು ಮರದ ಬೆಣೆ ಹೊಡೆದು ಅದುಮಿಡುವುದು ಅಲ್ಲಿನ ರೂಢಿ. ಒಂದು ಕೈ ಒತ್ತುತ್ತದೆ, ಇನ್ನೊಂದು ತಗಡು ನೂಕುತ್ತದೆ. ಅವಳ ಬೆರಳು ಹೋದದ್ದು ಹಾಗೆ, ಅಣ್ಣ ಹೊಡೆದ ಬೆಣೆಯಿಂದಲೇ. ಬೇಡ ಅನ್ನುವ ಬಾಯಿ ಆಗ ಅವಳಿಗಿರಲಿಲ್ಲ; ಅಂದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ.

ಇವತ್ತೂ ಎಡಗುಂಡಿಗೆ ಬೆಣೆ ಬಿದ್ದಿತ್ತು.

"ನಿನಗೋಸ್ಕರಾನೇ ಹೊಡೆದಿರೋದು," ಎಂದ ಅಣ್ಣ. "ಆ ಮೋಟುಗೈಲಿ ಏನು ಒತ್ತೀಯ?"

"ಮೊಣಕೈಲಿ ಒತ್ತೀನಿ."

"ಮೊಣಕೈಲಿ! ಸಂಜೆಯೊಳಗೆ ಒಂದು ಮುಚ್ಚಳ ಬಿದ್ರೆ ನನ್ನ ಪುಣ್ಯ."

ಅಕ್ಕಪಕ್ಕದವರು ನಕ್ಕರು. ಅವಳು ಸ್ಪ್ಯಾನರಿನಿಂದ ಬೆಣೆ ಕಿತ್ತೆಸೆದಳು. ಅವನು ಮತ್ತೆ ಹೊಡೆದ. ಅವಳು ಮತ್ತೆ ಕಿತ್ತಳು. ಆಗ ಅವನು ಅವಳ ಜುಟ್ಟು ಹಿಡಿದು ಮುಖವನ್ನು ಪ್ರೆಸ್ಸಿನ ಕಬ್ಬಿಣಕ್ಕೆ ಅಪ್ಪಳಿಸಿದ. ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಿತ್ತು. ಉಳಿದ ಹಲ್ಲುಗಳಿಂದ ಅವಳು ಅವನ ಮಣಿಕಟ್ಟು ಕಚ್ಚಿದಳು, ಮೂಳೆ ಸಿಗುವವರೆಗೆ ಬಿಡಲಿಲ್ಲ. ಅವನು ಹೊಟ್ಟೆಗೆ ಒದ್ದ. ಬಿದ್ದವಳು ಎದ್ದು ಸ್ಪ್ಯಾನರು ಬೀಸಿದಳು. ಅವನ ಭುಜದ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದಿತು. ತಗಡಿನ ಚೂರುಗಳ ರಾಶಿಯ ಮೇಲೆ ಅವನು ಮಕಾಡೆ ಬಿದ್ದ. ಎದ್ದಾಗ ಕೆನ್ನೆ ಹರಿದು ಜೋಲುತ್ತಿತ್ತು.

ಯಜಮಾನ ಓಡಿ ಬಂದ. "ಒಡಹುಟ್ಟಿದವನನ್ನೇ ಹೀಗೆ ಬಡಿಯೋದೇನೇ ರಾಕ್ಷಸಿ! ನಡಿ ಆಚೆಗೆ."

"ನಡೀತೀನಿ. ನನಗೆ ಪಿಂಚಣಿ ಇದೆ, ಉಪವಾಸ ಬೀಳಲ್ಲ. ಸಂಜೆ ಮುಚ್ಚಳ ಒಯ್ಯೋಕೆ ಲಾರಿ ಬರುತ್ತಲ್ಲ, ಇಲ್ಲಿ ಯಾರನ್ನ ಕೂರಿಸ್ತೀರ?"

ಯಜಮಾನ ನೆಲದ ರಕ್ತ ನೋಡಿದ, ಖಾಲಿ ಪ್ರೆಸ್ಸು ನೋಡಿದ. "ಬೆಣೆ ಇಲ್ದೆ ಎಷ್ಟು ಒತ್ತೀಯ?"

"ಬೇರೆಯವರ ಅರ್ಧ."

"ಹಾಗಾದ್ರೆ ಅರ್ಧ ಕೂಲಿ."

"ಆಗ್ಲಿ. ಗುಂಡಿಗೆ ಯಾರೂ ಕೈ ಹಾಕಬಾರ್ದು."

ಇಬ್ಬರು ಹಿಡಿದು ಎಬ್ಬಿಸುವಾಗ ಅಣ್ಣ ಕಿರುಚಿದ, "ಮನೆಗೆ ಬಾ, ಸಿಗಿದು ತೋರಣ ಕಟ್ತೀನಿ!"

"ಬರಲ್ಲಣ್ಣ. ಪಿಂಚಣೀನೂ ಬರಲ್ಲ ಅಂತ ಅತ್ತಿಗೆಗೆ ಹೇಳು."

ಬಾಯಿಯ ರಕ್ತ ಉಗಿದು ಅವಳು ಕೂತಳು. ತಗಡಿಟ್ಟು ಎರಡೂ ಕೈ ಹಿಂದೆಗೆದಳು. ಬಲಗುಂಡಿಗೆ ಅಂಗೈ, ಎಡಗುಂಡಿಗೆ ಮೊಣಕೈ. ಅಚ್ಚು ಇಳಿಯಿತು, ಮುಚ್ಚಳ ಬಿತ್ತು.

"ಬೇಗ ಒತ್ತೇ ಒಂದೂವರೆ," ಎಂದು ಪಕ್ಕದವಳು ರೇಗಿದಳು, "ಲಾರಿ ನಿನಗೆ ಕಾಯ್ಕೊಂಡಿರುತ್ತಾ?"

ಅವಳು ಇನ್ನೊಂದು ತಗಡು ಇಟ್ಟಳು, ಅಷ್ಟೇ ನಿಧಾನವಾಗಿ.