ಹಿಮನದಿಗೆ ಬೆನ್ನು ಹಾಕಿ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಹಿಮನದಿ ಬರೆದವನೇ ಹೊರತು, ಹೇಮಾವತಿಗಿಂತ ತಣ್ಣಗಿನ ನದಿ ಕಂಡವನಲ್ಲ. "ಹಿಮನದಿ ಸಮುದ್ರ ಮುಟ್ಟಿದಲ್ಲಿ ಮನೆಗಾತ್ರದ ತುಂಡು ಗುಡುಗಿದಂತೆ ಕಳಚಿ ಬೀಳುತ್ತದೆ" ಎಂದು ಹೇಳಿ, ಡಸ್ಟರನ್ನು ಮೇಜಿಗೆ ಬಡಿದು ಗುಡುಗನ್ನೂ ಕೇಳಿಸುತ್ತಿದ್ದೆ. ಒಮ್ಮೆ ಕೊನೆಯ ಬೆಂಚಿನಿಂದ ಹರದನಹಳ್ಳಿಯ ಸಿದ್ದೇಶ ಎದ್ದು, "ನೀವು ನೋಡಿದ್ದೀರಾ ಸಾ?" ಅಂದ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಉತ್ತರ ಗೊತ್ತಿಲ್ಲದ ಮೇಷ್ಟರಿಗೆ ಬೆಂಚೇ ಗತಿ.

ಸಿದ್ದೇಶ ಈಗ ಬಸ್ ಸ್ಟ್ಯಾಂಡಿನ ಹತ್ತಿರ ತೆಂಗಿನಕಾಯಿ ಅಂಗಡಿ ಇಟ್ಟಿದ್ದಾನೆ. ಕಾಯಿ ಕೊಳ್ಳಲು ಹೋದಾಗಲೆಲ್ಲ, "ಆ ಐಸು ಬಿತ್ತಾ ಸಾ?" ಎಂದು ವಿಚಾರಿಸುತ್ತಾನೆ. ಅದಕ್ಕೇ, ನಿವೃತ್ತನಾದ ಮೇಲೆ ಹೆಂಡತಿ ಸರೋಜಳ ಜೊತೆ ಅಲಾಸ್ಕಾದ ಪ್ರವಾಸಕ್ಕೆ ಹೊರಟಾಗ, "ಬೀಳೋದನ್ನ ಕಣ್ಣಾರೆ ನೋಡಿ ಫೋಟೋ ತರ್ತೀನಿ ಕಣಯ್ಯ" ಎಂದು ಅವನಿಗೆ ಮಾತು ಕೊಟ್ಟೆ.

ಅಲ್ಲಿ ನಮಗೆ ಸಿಕ್ಕ ಗೈಡ್ ಒಬ್ಬಳು ಗಟ್ಟಿಗಿತ್ತಿ ಹುಡುಗಿ. ಕಾಡಿನಲ್ಲಿ ಜೇಬಿನಲ್ಲಿ ತಿಂಡಿ ಇರಕೂಡದು, ಕರಡಿ ವಾಸನೆ ಹಿಡಿಯುತ್ತದೆ ಎಂಬುದು ಅವಳ ಮೊದಲ ಕಟ್ಟಳೆ. ಬುತ್ತಿಯಿಲ್ಲದೆ ಹೊಸಿಲು ದಾಟಬಾರದು ಎಂಬುದು ಸರೋಜಳ ಕಟ್ಟಳೆ. ಕೊನೆಗೆ ಬೆಳ್ಳುಳ್ಳಿ ಹಾಕಿದ ಕೋಡುಬಳೆ, ಕರಡಿ ಬಾಯಿ ಹಾಕದಂತೆ ಅಲ್ಲಿಟ್ಟಿದ್ದ ಕಬ್ಬಿಣದ ಪೆಟ್ಟಿಗೆ ಸೇರಿತು. ಹೊಳೆಯಾಚೆ ಮೀನು ಹಿಡಿಯುತ್ತಿದ್ದ ಕರಡಿಯ ನಲವತ್ತು ಫೋಟೋ ತೆಗೆದೆ. ನಲವತ್ತರಲ್ಲೂ ಅದರ ಹಿಂಭಾಗವೇ.

"ಅದರ ಮುಖ ಬರೋ ಹಾಗೆ ತೆಗೀಬಾರ್ದಾ?" ಅಂದಳು ಸರೋಜ.

"ಕರೆದು ಹೇಳು" ಅಂದೆ.

ಮಾರನೆಯ ದಿನ ದೋಣಿಯಲ್ಲಿ ಹಿಮನದಿಯ ಎದುರಿಗೆ ನಿಂತೆವು. ನಾನು ಬರೆದ ಚಿತ್ರಗಳಿಗೆ ನಾಚಿಕೆಯಾಗುವಷ್ಟು ನೀಲಿ ಅದು. ಬಿಳಿ ಚಾಕ್‌ಪೀಸಿನಿಂದ ಎಷ್ಟು ಮಕ್ಕಳಿಗೆ ಮೋಸ ಮಾಡಿದೆನಪ್ಪಾ ಅನ್ನಿಸಿತು. ಎರಡು ಗಂಟೆ ಕ್ಯಾಮೆರಾ ಎತ್ತಿಕೊಂಡೇ ಕಾದೆ. ಕೈ ಮರಗಟ್ಟಿತು, ಐಸು ಮಿಸುಕಲಿಲ್ಲ.

"ಇಷ್ಟು ದೂರ ಬಂದು ಇಬ್ರೂ ನಿಂತ ಒಂದು ಫೋಟೋನೂ ಬೇಡ್ವಾ?" ಅಂದಳು ಸರೋಜ. ಕ್ಯಾಮೆರಾವನ್ನು ಗೈಡಿಗೆ ಕೊಟ್ಟು, ಹಿಮನದಿಗೆ ಬೆನ್ನು ಹಾಕಿ ನಿಂತೆವು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಾಲದವರಿಗೆ ಫೋಟೋ ಅಂದರೆ ಅದೊಂದು ವ್ರತ. ನಮ್ಮ ಮದುವೆಯ ಫೋಟೋ ತೆಗೆದವನು, "ನಾನು ಹೇಳೋ ಗಂಟ ಅಳ್ಳಾಡ್ಬ್ಯಾಡಿ" ಎಂದು ಗದರಿಸಿದ್ದು ಇವತ್ತಿಗೂ ನಮ್ಮ ಬೆನ್ನುಮೂಳೆಯಲ್ಲಿದೆ. ಕೈ ಪಕ್ಕಕ್ಕೆ ಇಳಿಬಿಟ್ಟು, ಗದ್ದ ಎತ್ತಿ, ಉಸಿರು ಬಿಗಿಹಿಡಿದೆವು. ಅಷ್ಟರಲ್ಲಿ ಬೆನ್ನ ಹಿಂದೆ ಸಾವಿರ ಡಸ್ಟರ್ ಒಟ್ಟಿಗೆ ಬಡಿದ ಹಾಗೆ ಗುಡುಗಿತು. ದೋಣಿಯವರೆಲ್ಲ ಕಿರುಚಿದರು. ನಾವಿಬ್ಬರು ಅಳ್ಳಾಡಲಿಲ್ಲ. ಆಯಿತು ಎಂದು ಗೈಡ್ ಇನ್ನೂ ಹೇಳಿರಲಿಲ್ಲವಲ್ಲ! ಅವಳು ಗುಂಡಿ ಒತ್ತಿದ ಬೆರಳನ್ನೂ ತೆಗೆಯದೆ, ಬಾಯಿ ತೆರೆದು ನಮ್ಮನ್ನು ಮರೆತೇಬಿಟ್ಟಿದ್ದಳು. ನಾವು ತಿರುಗಿದಾಗ ಅಲೆ ಮಾತ್ರ ಇತ್ತು. ನಿಜ ಹೇಳುತ್ತೇನೆ, ಅಳು ಬಂತು. ಸರೋಜ ತನ್ನ ಶಾಲಿನ ತುದಿ ಕೊಟ್ಟಳು.

ಊರಿಗೆ ಬಂದು ಆ ಫೋಟೋವನ್ನು ಸಿದ್ದೇಶನಿಗೆ ತೋರಿಸಿದೆ. ಅವನು ಕಾಯಿ ಸುಲಿಯುವುದನ್ನು ಬಿಟ್ಟು ನೋಡಿದ. ಕಂಬದಂತೆ ನಿಂತ ನಮ್ಮಿಬ್ಬರ ನಡುವೆ, ಮನೆಗಾತ್ರದ ಐಸು ಅರ್ಧ ಬಿದ್ದು ಗಾಳಿಯಲ್ಲಿತ್ತು.

"ಬಿದ್ದೈತೆ ಸಾ! ನಾನ್ ನೋಡ್ದೆ!" ಎಂದು ಕುಣಿದ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ನೀವು ನೋಡುದ್ರಾ ಸಾ?" ಅಂದ.

"ಇಲ್ಲ ಕಣಪ್ಪ" ಅಂದೆ. ಮೂವತ್ತು ವರ್ಷಕ್ಕೆ ಮೊದಲು ಹೇಳಬೇಕಾಗಿದ್ದ ಮಾತು.

ಸಿದ್ದೇಶ ನಗಲಿಲ್ಲ. "ಕ್ಲಾಸಲ್ಲೂ ಇಂಗೇ ಅಲ್ವಾ ಸಾ ನೀವು ನಿಂತ್ಕತಿದ್ದುದ್ದು? ಬೋರ್ಡ್‌ಗೆ ಬೆನ್ನು, ಮೊಕ ನಮ್ ಕಡೀಕೆ" ಅಂದ. ಆಮೇಲೆ ಅಂಗಡಿಯ ಬೆಂಚನ್ನು ಟವೆಲಿನಿಂದ ಒರೆಸಿ, ಒಂದು ಎಳನೀರು ಕೆತ್ತಿ ಕೈಗಿಟ್ಟ.

"ಕೂತ್ಕಳಿ ಸಾ" ಅಂದ.

ನ್ಯಾಯವಾಗಿ ಅವನು ನನ್ನನ್ನು ಅದರ ಮೇಲೆ ನಿಲ್ಲಿಸಬೇಕಿತ್ತು.